ಧರ್ಮವೂ ಲೋಕವ್ಯವಹಾರವೂ



ಕಳೆದ ಸೋಮವಾರ ಪ್ರವಚನ ಮುಗಿದ ಮೇಲೆ ತಮ್ಮಲ್ಲಿ ಇಬ್ಬರು ನಮ್ಮ ಬಳಿಗೆ ಬಂದಿದ್ದರು. ಒಬ್ಬರು ವಯಸ್ಸಾದ ಹಿರಿಯರು. 'ಬುದ್ಧಿ, ಆಳುವವರಿಗೆ ಧರ್ಮದ ಭಯವೇ ಇಲ್ಲದಂತಾಗಿದೆ. ಮಠಾಧೀಶರೆಲ್ಲ ಒಟ್ಟಾಗಿ ಸರಕಾರಕ್ಕೆ ತಿಳಿಹೇಳಬೇಕು' ಎಂದರು. ಅವರ ಹಿಂದೆಯೇ ನಿಂತಿದ್ದವರು ಪಟ್ಟಣದಲ್ಲಿ ವಕೀಲಿ ಮಾಡುವ ತರುಣರು. ಅವರು ನಕ್ಕು, 'ಬುದ್ಧಿ, ಧರ್ಮ ಪೂಜೆಯ ಕೋಣೆಯಲ್ಲಿಯೇ ಇರಲಿ. ರಾಜ್ಯದ ವಿಷಯಕ್ಕೆ ಅದು ಕೈಹಾಕಿದ ಕಡೆಯಲ್ಲೆಲ್ಲ ರಕ್ತ ಹರಿದಿದೆ' ಎಂದರು. ಇಬ್ಬರೂ ಪಾದಕ್ಕೆರಗಿ ಹೋದರು. ಉತ್ತರವನ್ನು ಮುಂದಿನ ಸೋಮವಾರ ಹೇಳುತ್ತೇವೆಂದು ನಾವು ಮಾತು ಕೊಟ್ಟಿದ್ದೆವು.

ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಆದರೆ ಧರ್ಮ ಒಳ್ಳೆಯದೋ ಕೆಟ್ಟದ್ದೋ ಎಂದು ಬರಿಯ ಮಾತಿನಲ್ಲಿ ವಾದ ಮಾಡಿದರೆ ಬೆಳಗಾಗುವವರೆಗೂ ಮಾಡಬಹುದು. ಆದುದರಿಂದ ಇಂದು ನಾವು ಒಂದು ಇತಿಹಾಸವನ್ನು ಹೇಳಲು ಇಚ್ಛಿಸುತ್ತೇವೆ. ಇದು ನಮ್ಮ ನಾಡಿನಲ್ಲಿ ನಡೆದುದಲ್ಲ. ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ನಡೆದುದು. ದೂರದ ಕಥೆಯನ್ನೇಕೆ ಆರಿಸಿಕೊಂಡೆವೆಂದರೆ, ನಮ್ಮ ಇತಿಹಾಸವನ್ನು ಹೇಳಹೊರಟಾಗ ನಾವು ಒಂದೋ ಹೊಗಳತೊಡಗುತ್ತೇವೆ, ಇಲ್ಲವೇ ಜಗಳವಾಡತೊಡಗುತ್ತೇವೆ.

ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ಯೂರೋಪಿನ ಮತ್ತು ಅಮೆರಿಕದ ವರ್ತಕರು ಆಫ್ರಿಕಾ ಖಂಡದಿಂದ ಮನುಷ್ಯರನ್ನು ಕೊಂಡು, ಸರಪಳಿ ತೊಡಿಸಿ, ಹಡಗಿನಲ್ಲಿ ತುಂಬಿ, ಅಟ್ಲಾಂಟಿಕ್ ಸಾಗರದ ಆಚೆಗೆ ಒಯ್ದು ಮಾರಿದರು. ಹೀಗೆ ಹಡಗು ಹತ್ತಿಸಲ್ಪಟ್ಟವರು ಸುಮಾರು 1 ಕೋಟಿ 25 ಲಕ್ಷ ಜನ ಎಂದು ವಿದ್ವಾಂಸರು ಹಡಗುಗಳ ದಾಖಲೆಗಳಿಂದ ಲೆಕ್ಕ ಹಾಕಿದ್ದಾರೆ. ದಡ ಮುಟ್ಟಿದವರು ಸುಮಾರು 1 ಕೋಟಿ 7 ಲಕ್ಷ. ಉಳಿದವರು ದಾರಿಯಲ್ಲಿಯೇ ಸತ್ತರು. ಬದುಕಿ ಉಳಿದವರು ಕಬ್ಬಿನ ತೋಟದಲ್ಲಿ, ಹೊಗೆಸೊಪ್ಪಿನ ಹೊಲದಲ್ಲಿ ದುಡಿದರು. ಅವರ ಮಕ್ಕಳೂ ಹುಟ್ಟುತ್ತಲೇ ಯಜಮಾನನ ಸ್ವತ್ತು.

ಈ ವ್ಯವಹಾರವನ್ನು ನಡೆಸಿದವರು ಧರ್ಮವಿಲ್ಲದವರೇನೂ ಆಗಿರಲಿಲ್ಲ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. 1710ರಲ್ಲಿ ಕ್ರಿಸ್ಟೋಫರ್ ಕಾಡ್ರಿಂಗ್‌ಟನ್ ಎಂಬ ಶ್ರೀಮಂತನು ತೀರಿಕೊಂಡಾಗ ಬಾರ್ಬಡೋಸ್ ದ್ವೀಪದ ತನ್ನ ಎರಡು ಕಬ್ಬಿನ ತೋಟಗಳನ್ನು ಗುಲಾಮರ ಸಮೇತ ಇಂಗ್ಲೆಂಡಿನ ಚರ್ಚಿನ ಧರ್ಮಪ್ರಚಾರಕ ಸಂಸ್ಥೆಗೆ ಬರೆದುಕೊಟ್ಟಿದ್ದನು. ಸಂಸ್ಥೆಯವರು ಸ್ವೀಕರಿಸಿದರು. ದತ್ತಿ ಬಂದರೆ ಯಾರು ಬೇಡವೆನ್ನುತ್ತಾರೆ? ಆ ತೋಟದ ಗುಲಾಮರ ಎದೆಯ ಮೇಲೆ, ದನಕ್ಕೆ ಬರೆ ಹಾಕುವಂತೆ, ಕಾದ ಕಬ್ಬಿಣದಿಂದ 'ಸೊಸೈಟಿ' ಎಂಬ ಪದವನ್ನು ಒತ್ತುತ್ತಿದ್ದ ಕಾಲವೂ ಇತ್ತು. ಸೊಸೈಟಿ ಎಂದರೆ ದೇವರ ಸುವಾರ್ತೆಯನ್ನು ಸಾರುವ ಸಂಘ! ಮನುಷ್ಯನನ್ನು ಕೊಳ್ಳಬಹುದೆಂಬುದಕ್ಕೆ ಶಾಸ್ತ್ರಾಧಾರವನ್ನೂ ತೋರಿಸುತ್ತಿದ್ದರು. ನೋಹನು ತನ್ನ ಮೊಮ್ಮಗನಿಗೆ ಕೊಟ್ಟ ಶಾಪವೇ ಕಪ್ಪು ಜನರ ದಾಸ್ಯಕ್ಕೆ ಕಾರಣವೆಂದು ಪಂಡಿತರು ವ್ಯಾಖ್ಯಾನ ಬರೆದಿದ್ದರು. ಪುರಾಣದ ಒಂದು ಮೂಲೆಯಲ್ಲಿ ಒಂದು ಶಾಪವನ್ನು ಹುಡುಕಿ ತೆಗೆದು ಕೋಟ್ಯಂತರ ಜನರ ತಲೆಯ ಮೇಲೆ ಹೊರಿಸುವ ಈ ವಿದ್ಯೆ ನಮ್ಮ ನಾಡಿನವರಿಗೆ ಹೊಸದಲ್ಲ. ತರುಣ ವಕೀಲರು ಹೇಳಿದ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಇನ್ನೊಂದು ಪಕ್ಷವನ್ನು ನೋಡೋಣ. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಎಂಬವನ ಉಪದೇಶದಿಂದ ಒಂದು ಸಣ್ಣ ಪಂಥ ಹುಟ್ಟಿತು. ಅವರು ತಮ್ಮನ್ನು 'ಮಿತ್ರರು' ಎಂದು ಕರೆದುಕೊಂಡರು. ಜನ ಅವರನ್ನು ಹಾಸ್ಯಕ್ಕೆ 'ನಡುಗುವವರು' ಎಂಬ ಅರ್ಥದಲ್ಲಿ ಕ್ವೇಕರರು ಎಂದರು. ಅವರಿಗೆ ಪುರೋಹಿತನಿಲ್ಲ. ಸಭಾಗೃಹದಲ್ಲಿ ಮೌನವಾಗಿ ಕುಳಿತಿರುತ್ತಾರೆ. ಯಾರಿಗೆ ಅಂತರಂಗದಲ್ಲಿ ಪ್ರೇರಣೆಯಾಗುತ್ತದೆಯೋ ಅವರು ಎದ್ದು ಮಾತನಾಡುತ್ತಾರೆ, ಹೆಂಗಸರಾದರೂ ಸರಿ. ಪ್ರತಿಯೊಬ್ಬ ಮನುಷ್ಯನ ಒಳಗೂ ದೇವರ ಬೆಳಕಿದೆ ಎಂಬುದು ಅವರ ಮೂಲತತ್ತ್ವ. ಅಧಿಕಾರಿಗಳ ಮುಂದೆ ಟೋಪಿ ತೆಗೆಯಲಿಲ್ಲ, ಪ್ರಮಾಣವಚನ ಮಾಡಲಿಲ್ಲ, ಚರ್ಚಿನ ತೆರಿಗೆ ಕೊಡಲಿಲ್ಲ. ಅದಕ್ಕಾಗಿ ಸಾವಿರಾರು ಜನ ಸೆರೆಮನೆ ಕಂಡರು. ಅವರಲ್ಲೊಬ್ಬನಾದ ವಿಲಿಯಂ ಪೆನ್ನನಿಗೆ 1681ರಲ್ಲಿ ಇಂಗ್ಲೆಂಡಿನ ಅರಸನಿಂದ ಅಮೆರಿಕದಲ್ಲಿ ಒಂದು ಪ್ರಾಂತವೇ ದೊರೆಯಿತು. ಅದೇ ಪೆನ್ಸಿಲ್ವೇನಿಯ.

ಇಷ್ಟು ಕೇಳಿದಾಗ ತಮಗೆ, ಇವರು ನಮ್ಮ ಶರಣರ ಹಾಗೆಯೇ ಇದ್ದಾರಲ್ಲ ಎನಿಸಬಹುದು. ಅವಸರ ಬೇಡ. ಆ ಪೆನ್ನನು ತಾನೇ ಗುಲಾಮರನ್ನು ಇಟ್ಟುಕೊಂಡಿದ್ದನು. ಪಂಥದ ಸ್ಥಾಪಕನಾದ ಫಾಕ್ಸನು 1671ರಲ್ಲಿ ಬಾರ್ಬಡೋಸಿಗೆ ಹೋಗಿ ಗುಲಾಮರ ಸ್ಥಿತಿಯನ್ನು ಕಣ್ಣಾರೆ ಕಂಡನು. ಅವರನ್ನು ದಯೆಯಿಂದ ನೋಡಿಕೊಳ್ಳಿರಿ, ಪ್ರಾರ್ಥನೆಗೆ ಕರೆತನ್ನಿರಿ, ಕೆಲವು ವರ್ಷ ದುಡಿಸಿಕೊಂಡ ಮೇಲೆ ಬಿಟ್ಟುಬಿಡಿರಿ ಎಂದು ಹೇಳಿ ಬಂದನು. ಅದಕ್ಕಿಂತ ಹೆಚ್ಚಿನದನ್ನು ಹೇಳಲಿಲ್ಲ. ಎಲ್ಲರೊಳಗೂ ದೇವರ ಬೆಳಕಿದೆ ಎನ್ನುವವರು ಆ ಬೆಳಕನ್ನು ಸಂತೆಯಲ್ಲಿ ಕೊಳ್ಳುತ್ತಿದ್ದರು.

1688ರಲ್ಲಿ ಪೆನ್ಸಿಲ್ವೇನಿಯದ ಜರ್ಮನ್‌ಟೌನ್ ಎಂಬ ಹಳ್ಳಿಯ ನಾಲ್ವರು ಒಂದು ಅರ್ಜಿ ಬರೆದರು. ನಿಮ್ಮನ್ನು ಯಾರಾದರೂ ಹಿಡಿದು ಮಾರಿದರೆ ಒಪ್ಪುವಿರಾ ಎಂಬುದು ಅದರ ಮುಖ್ಯ ಪ್ರಶ್ನೆ. ನಾಳೆ ಈ ಗುಲಾಮರು ತಮ್ಮ ಸ್ವಾತಂತ್ರ್ಯಕ್ಕಾಗಿ ತಿರುಗಿ ನಿಂತರೆ, ನಿಮಗೆ ಅವರನ್ನು ಹಿಡಿದಿಡಲು ಇರುವಷ್ಟೇ ಹಕ್ಕು ಅವರಿಗೆ ಬಿಡಿಸಿಕೊಳ್ಳಲು ಇಲ್ಲವೇ ಎಂದೂ ಕೇಳಿದ್ದರು. ಅರ್ಜಿ ತಿಂಗಳ ಸಭೆಗೆ ಹೋಯಿತು. ಇದು ಬಹಳ ಭಾರವಾದ ವಿಷಯ ಎಂದು ಅವರು ತ್ರೈಮಾಸಿಕ ಸಭೆಗೆ ಕಳಿಸಿದರು. ಅವರು ವಾರ್ಷಿಕ ಸಭೆಗೆ ಕಳಿಸಿದರು. ವಾರ್ಷಿಕ ಸಭೆಯವರು ಈಗ ತೀರ್ಮಾನ ಹೇಳುವುದು ಉಚಿತವಲ್ಲವೆಂದು ಪಕ್ಕಕ್ಕಿಟ್ಟರು. ಆ ಕಾಗದ ಮತ್ತೆ ಕಣ್ಣಿಗೆ ಬಿದ್ದುದು 1844ರಲ್ಲಿ. ಕಡತವನ್ನು ಮೇಲಿನವರಿಗೆ ಸಾಗಹಾಕುವ ವಿದ್ಯೆಯನ್ನು ನಮ್ಮ ತಾಲ್ಲೂಕು ಕಚೇರಿಯವರು ಯಾರಿಂದ ಕಲಿತರೋ ಎಂದು ನಾವು ಎಷ್ಟೋ ಸಲ ಯೋಚಿಸಿದ್ದೇವೆ. ಧರ್ಮಸಂಸ್ಥೆಗಳಿಂದಲೇ ಇರಬೇಕು.

ಆಮೇಲೆ ಬಂದವನು ಬೆಂಜಮಿನ್ ಲೇ. ಈತನನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಾಲ್ಕಡಿ ಎತ್ತರದ ಗೂನು ಬೆನ್ನಿನ ಮನುಷ್ಯ. ಕುರಿ ಕಾದವನು, ಕೈಗವಸು ಹೊಲಿದವನು, ಹಡಗಿನಲ್ಲಿ ಆಳಾಗಿ ದುಡಿದವನು. ಬಾರ್ಬಡೋಸಿನಲ್ಲಿ ಅಂಗಡಿ ಇಟ್ಟಿದ್ದಾಗ ಹಸಿದ ಗುಲಾಮರನ್ನು ಕಂಡು ಅವನಿಗೂ ಅವನ ಹೆಂಡತಿ ಸಾರಾಳಿಗೂ ಅಲ್ಲಿ ಅನ್ನ ಸೇರದಾಯಿತು. 1732ರಲ್ಲಿ ಫಿಲಡೆಲ್ಫಿಯಕ್ಕೆ ಬಂದರು. ಅವನು ಮಾಂಸ ತಿನ್ನಲಿಲ್ಲ. ನಾರು ನೂತು ತನ್ನ ಬಟ್ಟೆಯನ್ನು ತಾನೇ ಮಾಡಿಕೊಂಡನು. ಗುಲಾಮರು ಬೆಳೆದ ಸಕ್ಕರೆಯನ್ನು ಮುಟ್ಟಲಿಲ್ಲ. ಊರ ಹೊರಗೆ ಗುಹೆಯಂತಹ ಮನೆಯಲ್ಲಿ ಪುಸ್ತಕಗಳ ನಡುವೆ ವಾಸಿಸಿದನು. ಚಳಿಗಾಲದಲ್ಲಿ ಸಭಾಗೃಹದ ಬಾಗಿಲಲ್ಲಿ ಒಂದು ಬರಿಗಾಲನ್ನು ಹಿಮದಲ್ಲಿಟ್ಟು ನಿಂತಿದ್ದನಂತೆ. ಬಂದವರು, ಕಾಯಿಲೆ ಬಿದ್ದೀಯೆ ಎಂದು ಮರುಗಿದಾಗ, ನಿಮ್ಮ ಹೊಲದಲ್ಲಿ ಚಳಿಗಾಲವೆಲ್ಲ ಅರೆಬಟ್ಟೆಯಲ್ಲಿ ದುಡಿಯುವವರ ಮೇಲೆ ಈ ಮರುಕವೇಕಿಲ್ಲ ಎಂದು ಕೇಳಿದನಂತೆ.

1738ರಲ್ಲಿ ಬರ್ಲಿಂಗ್‌ಟನ್ ಎಂಬ ಊರಿನಲ್ಲಿ ಮಿತ್ರರ ವಾರ್ಷಿಕ ಸಭೆ ನಡೆದಾಗ ಲೇ ದೊಡ್ಡ ನಿಲುವಂಗಿ ಹೊದ್ದು ಬಂದು ಕುಳಿತನು. ಹಿಂಸೆಯನ್ನು ಬಿಟ್ಟವರ ಸಭೆ ಅದು. ಮಧ್ಯದಲ್ಲಿ ಎದ್ದು ನಿಲುವಂಗಿಯನ್ನು ಕೆಡವಿದರೆ, ಒಳಗೆ ಸಿಪಾಯಿಯ ವೇಷ, ಸೊಂಟದಲ್ಲಿ ಕತ್ತಿ! ಕೈಯಲ್ಲಿ ಧರ್ಮಗ್ರಂಥದಂತಹ ಒಂದು ಪುಸ್ತಕ. ಸಹಮಾನವರನ್ನು ದಾಸರನ್ನಾಗಿ ಇಟ್ಟುಕೊಂಡವರ ರಕ್ತವನ್ನು ದೇವರು ಹೀಗೆಯೇ ಚೆಲ್ಲುವನು ಎಂಬರ್ಥದ ಮಾತನ್ನಾಡಿ ಕತ್ತಿಯಿಂದ ಪುಸ್ತಕವನ್ನು ಇರಿದನು. ಒಳಗೆ ಹಣ್ಣಿನ ಕೆಂಪು ರಸ ತುಂಬಿದ ಚೀಲವನ್ನು ಅಡಗಿಸಿಟ್ಟಿದ್ದನು. ರಸ ಚಿಮ್ಮಿ ಕುಳಿತವರ ಮೈಮೇಲೆ ರಕ್ತದಂತೆ ಬಿದ್ದಿತು. ಅವನನ್ನು ಎತ್ತಿ ಹೊರಗೆ ಹಾಕಿದರು. ಆ ವರ್ಷವೇ ಸಂಘದಿಂದಲೂ ಹೊರಗೆ ಹಾಕಿದರು. ಇಂತಹ ನಾಟಕ ನಮ್ಮ ಸಭೆಯಲ್ಲಿ ನಡೆದರೆ ನಾವೂ ಪ್ರಾಯಶಃ ಅದನ್ನೇ ಮಾಡುತ್ತಿದ್ದೆವು; ಸುಳ್ಳು ಹೇಳಬಾರದು. ಹೊರಗೆ ಹಾಕಿದ ಸಭೆಯವರು ತಮ್ಮ ತಪ್ಪನ್ನು ಒಪ್ಪಿಕೊಂಡು ಅವನನ್ನು ತಮ್ಮವನೆಂದು ಸ್ಮರಿಸುವ ವೇಳೆಗೆ 2018 ಬಂದಿತ್ತು.

ಲೇ ಬೆಂಕಿಯಾದರೆ ಜಾನ್ ವುಲ್ಮನ್ ನೀರು. ಇವನು ದರ್ಜಿ. ತರುಣನಾಗಿ ಒಂದು ಅಂಗಡಿಯಲ್ಲಿ ಗುಮಾಸ್ತಗಿರಿ ಮಾಡುತ್ತಿದ್ದಾಗ, ಯಜಮಾನನು ತಾನು ಮಾರಿದ ಒಬ್ಬ ಗುಲಾಮ ಹೆಂಗಸಿನ ಕ್ರಯಪತ್ರವನ್ನು ಬರೆ ಎಂದನು. ಕೊಳ್ಳುವವನು ತಮ್ಮದೇ ಪಂಥದ ಮುದುಕ. ವುಲ್ಮನ್ ಬರೆದನು; ಆದರೆ ಇದು ನಮ್ಮ ಧರ್ಮಕ್ಕೆ ಹೊಂದುವುದಿಲ್ಲವೆಂದು ಅಲ್ಲಿಯೇ ಹೇಳಿದನು. ಬರೆದ ತಪ್ಪು ಅವನನ್ನು ಬಾಳೆಲ್ಲ ಕಾಡಿತು. ಮುಂದೆ ಯಾರಾದರೂ ಮರಣಶಾಸನ ಬರೆಸಲು ಬಂದು ಅದರಲ್ಲಿ ಗುಲಾಮನನ್ನು ಮಗನಿಗೆ ಬಿಟ್ಟುಕೊಡುವ ಮಾತು ಬಂದರೆ ಲೇಖನಿ ಕೆಳಗಿಡುತ್ತಿದ್ದನು. ವ್ಯಾಪಾರ ಕೈಗೂಡಿ ಅಂಗಡಿ ಬೆಳೆಯತೊಡಗಿದಾಗ, ಇಷ್ಟು ಬೇಡವೆಂದು ಅಂಗಡಿಯನ್ನೇ ಕಡಿಮೆ ಮಾಡಿಕೊಂಡು ಹೊಲಿಗೆಯಲ್ಲಿಯೂ ಹಣ್ಣಿನ ಗಿಡಗಳ ಆರೈಕೆಯಲ್ಲಿಯೂ ಜೀವಿಸಿದನು. ಕಾಯಕದ ಮಾತನ್ನು ನಾವು ದಿನವೂ ಆಡುತ್ತೇವೆ. ಲಾಭ ಹೆಚ್ಚಾಯಿತೆಂದು ಅಂಗಡಿ ಮುಚ್ಚಿದ ವರ್ತಕರನ್ನು ನಾವಿನ್ನೂ ಕಂಡಿಲ್ಲ.

ದಕ್ಷಿಣದ ಪ್ರಾಂತಗಳಲ್ಲಿ ಸಂಚರಿಸುವಾಗ ವುಲ್ಮನ್ ಗುಲಾಮರಿದ್ದ ಮಿತ್ರರ ಮನೆಗಳಲ್ಲಿ ತಂಗಬೇಕಾಗುತ್ತಿತ್ತು. ಅತಿಥಿಸತ್ಕಾರ ಉಚಿತ. ಆದರೆ ಆ ಅಡಿಗೆ ಮಾಡಿದವರು, ಹಾಸಿಗೆ ಹಾಸಿದವರು ಕೂಲಿ ಇಲ್ಲದವರು. ಹೊರಡುವಾಗ ಅವನು ಸಣ್ಣ ಬೆಳ್ಳಿಯ ನಾಣ್ಯಗಳನ್ನು ತೆಗೆದು, ಇದು ಅವರ ಕೂಲಿ ಎಂದು ಆಳುಗಳ ಕೈಗೆ ಕೊಡುತ್ತಿದ್ದನು, ಇಲ್ಲವೇ ಯಜಮಾನನ ಕೈಗೇ ಕೊಟ್ಟು ತಲುಪಿಸಲು ಹೇಳುತ್ತಿದ್ದನು. ಯಜಮಾನನಿಗೆ ಎಷ್ಟು ಕಷ್ಟವಾಗಿರಬೇಕೆಂದು ಯೋಚಿಸಿರಿ. ಬೈಗುಳವಿಲ್ಲ, ಶಾಪವಿಲ್ಲ, ತನ್ನ ಮನೆಯಲ್ಲಿಯೇ ತನ್ನ ಆಳಿಗೆ ಅತಿಥಿಯು ಕೂಲಿ ಕೊಟ್ಟು ಹೋಗುತ್ತಿದ್ದಾನೆ!

ಈ ಇಬ್ಬರ ಜೊತೆಗೆ ಆಂಟನಿ ಬೆನೆಜೆಟ್ ಎಂಬ ಶಾಲಾ ಉಪಾಧ್ಯಾಯನೂ ಇದ್ದನು. ಕಪ್ಪು ಮಕ್ಕಳಿಗೆ ತನ್ನ ಮನೆಯಲ್ಲಿಯೇ ಸಂಜೆಯ ಪಾಠ ಹೇಳಿದವನು. 1758ರಲ್ಲಿ ಫಿಲಡೆಲ್ಫಿಯದ ವಾರ್ಷಿಕ ಸಭೆಯಲ್ಲಿ ವುಲ್ಮನ್ ಎದ್ದು ಮಾತನಾಡಿದ ಮೇಲೆ, ಗುಲಾಮರನ್ನು ಕೊಂಡು ಮಾರುವವರನ್ನು ಸಂಘದ ಕಾರ್ಯಗಳಿಂದ ದೂರವಿಡಬೇಕೆಂದು ನಿರ್ಣಯವಾಯಿತು. ಸಭೆಯವರು ಒಬ್ಬೊಬ್ಬ ಯಜಮಾನನ ಮನೆಗೂ ಹೋಗಿ ಕುಳಿತು ಮಾತನಾಡಿದರು. ಸುದ್ದಿ ಕೇಳಿ ಮುದುಕ ಲೇ ಇನ್ನು ನೆಮ್ಮದಿಯಾಗಿ ಸಾಯುತ್ತೇನೆ ಎಂದನಂತೆ, ಮರುವರ್ಷ ಸತ್ತನು. 1776ರಲ್ಲಿ ಕೊನೆಯ ಮಾತು ಬಂದಿತು: ಗುಲಾಮರನ್ನು ಇಟ್ಟುಕೊಂಡವನು ಮಿತ್ರನಲ್ಲ. ಕೆಲವರು ಗುಲಾಮರನ್ನು ಬಿಟ್ಟರು, ಕೆಲವರು ಸಂಘವನ್ನು ಬಿಟ್ಟರು.

ಇದಾದ ಮೇಲೆಯೇ ರಾಜ್ಯದ ಮಾತು. 1783ರಲ್ಲಿ ಲಂಡನ್ನಿನ ಮಿತ್ರರು ಗುಲಾಮರ ವ್ಯಾಪಾರದ ವಿರುದ್ಧ ಪಾರ್ಲಿಮೆಂಟಿಗೆ ಅರ್ಜಿ ಸಲ್ಲಿಸಿದರು. 1787ರ ಮೇ 22ರಂದು ಒಂದು ಮುದ್ರಣಾಲಯದಲ್ಲಿ 12 ಜನ ಸೇರಿ ಸಮಿತಿ ಕಟ್ಟಿದರು. ಅವರಲ್ಲಿ 9 ಜನ ಕ್ವೇಕರರು. ಪ್ರಮಾಣವಚನ ಮಾಡದ ಅವರಿಗೆ ಪಾರ್ಲಿಮೆಂಟಿನಲ್ಲಿ ಸ್ಥಾನವಿರಲಿಲ್ಲವಾದಕಾರಣ ಆಂಗ್ಲಿಕನ್ ಚರ್ಚಿನ ವಿಲಿಯಂ ವಿಲ್ಬರ್‌ಫೋರ್ಸ್ ಅಲ್ಲಿ ಅವರ ಧ್ವನಿಯಾದನು. ಥಾಮಸ್ ಕ್ಲಾರ್ಕ್‌ಸನ್ ಎಂಬ ತರುಣನು ಕುದುರೆಯ ಮೇಲೆ ಬಂದರಿನಿಂದ ಬಂದರಿಗೆ ಅಲೆದು, ಬೇಡಿಗಳನ್ನೂ ಹಿಂಸೆಯ ಸಾಧನಗಳನ್ನೂ ಕೊಂಡು ತಂದು ಜನರ ಮುಂದೆ ಇಟ್ಟನು. 1791ರಲ್ಲಿ ಮಸೂದೆ 88ಕ್ಕೆ ವಿರುದ್ಧವಾಗಿ 163 ಮತಗಳಿಂದ ಬಿದ್ದುಹೋಯಿತು. ಆಗ ಇಂಗ್ಲೆಂಡಿನ ಮನೆಮನೆಗಳಲ್ಲಿ ಗುಲಾಮರು ಬೆಳೆದ ಸಕ್ಕರೆಯನ್ನು ಬಿಡುವ ವ್ರತ ಹಿಡಿದರು. ಸುಮಾರು 3 ಲಕ್ಷ ಜನ ಬಿಟ್ಟರೆಂದು ಕ್ಲಾರ್ಕ್‌ಸನ್ನನ ಅಂದಾಜು. ಮತದಾನದ ಹಕ್ಕಿಲ್ಲದ ಹೆಂಗಸರು ಚಹದ ಬಟ್ಟಲಿನಿಂದಲೇ ರಾಜಕಾರಣ ಮಾಡಿದರು. 1807ರಲ್ಲಿ ಅದೇ ಪಾರ್ಲಿಮೆಂಟು 16ಕ್ಕೆ ವಿರುದ್ಧವಾಗಿ 283 ಮತಗಳಿಂದ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು.

ಈಗ ಒಂದು ಲೆಕ್ಕವನ್ನು ಗಮನಿಸಿರಿ. ಜರ್ಮನ್‌ಟೌನಿನ ಅರ್ಜಿಯಿಂದ, ಅಂದರೆ 1688ರಿಂದ, ಈ ಪಂಥ ತನ್ನ ಮನೆಯನ್ನು ಶುದ್ಧಮಾಡಿಕೊಳ್ಳುವ 1776ರವರೆಗೆ 88 ವರ್ಷ. ಅಲ್ಲಿಂದ, ಲೋಕದ ದೊಡ್ಡ ಸಾಮ್ರಾಜ್ಯವೊಂದರ ಕಾನೂನು ಬದಲಾಗುವ 1807ರವರೆಗೆ 31 ವರ್ಷ. ಪಾರ್ಲಿಮೆಂಟನ್ನು ಒಪ್ಪಿಸುವುದಕ್ಕಿಂತ ತಮ್ಮವರನ್ನು ಒಪ್ಪಿಸುವುದು ಅವರಿಗೆ ಕಷ್ಟವಾಯಿತು. ಅರ್ಜಿ ಹಿಡಿದು ಪಾರ್ಲಿಮೆಂಟಿನ ಬಾಗಿಲಿಗೆ ಹೋದಾಗ, 'ನಿಮ್ಮ ಮನೆಯಲ್ಲಿ ಎಷ್ಟು ಗುಲಾಮರಿದ್ದಾರೆ?' ಎಂದು ಅವರನ್ನು ಯಾರೂ ಕೇಳುವಂತಿರಲಿಲ್ಲ. ಅವರ ಬಲವೆಲ್ಲ ಅಷ್ಟರಲ್ಲಿತ್ತು ಎಂದು ನಾವು ತಿಳಿದಿದ್ದೇವೆ. ಇಂಗ್ಲೆಂಡಿನ ಬಿಷಪ್ಪರಿಗೆ ಮೇಲ್ಮನೆಯಲ್ಲಿ ಪೀಠಗಳಿದ್ದವು. ಆದರೆ ಅವರ ಸಂಸ್ಥೆಗೆ ಬಾರ್ಬಡೋಸಿನಲ್ಲಿ ತೋಟವೂ ಇತ್ತು.

ಇದನ್ನು ಹೊಗಳಿಕೆಯ ಕಥೆಯಾಗಿ ಮುಗಿಸಬಾರದು. 1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿಯನ್ನೇ ರದ್ದು ಮಾಡಿದಾಗ 2 ಕೋಟಿ ಪೌಂಡು ಪರಿಹಾರ ಕೊಟ್ಟಿತು. ಯಾರಿಗೆ? ಯಜಮಾನರಿಗೆ. ದುಡಿದವರಿಗೆ ಒಂದು ಕಾಸೂ ಇಲ್ಲ. ಮೇಲಾಗಿ 1838ರವರೆಗೆ ಹಳೆಯ ಯಜಮಾನನ ಬಳಿಯಲ್ಲಿಯೇ ದುಡಿಯಬೇಕೆಂಬ ಕರಾರು. ಕಾಡ್ರಿಂಗ್‌ಟನ್ ತೋಟದ ಪರಿಹಾರವನ್ನು ಧರ್ಮಪ್ರಚಾರಕ ಸಂಸ್ಥೆ ಎಣಿಸಿಕೊಂಡಿತು. ಇಂಗ್ಲೆಂಡಿನ ಚರ್ಚು ಕ್ಷಮೆ ಕೇಳಿದುದು 2006ರಲ್ಲಿ. ಅಮೆರಿಕದಲ್ಲಿ 1838ರಲ್ಲಿ ಜೆಸುಯಿಟ್ ಪಾದ್ರಿಗಳು ತಮ್ಮ ಜಾರ್ಜ್‌ಟೌನ್ ಕಾಲೇಜಿನ ಸಾಲ ತೀರಿಸುವುದಕ್ಕೂ ಒದಗುವಂತೆ 272 ಗುಲಾಮರನ್ನು ಮಾರಿದರು. ಪಾಠಶಾಲೆಯ ಸಾಲಕ್ಕಾಗಿ! ಮಿತ್ರರೂ ಪೂರ್ಣ ಶುದ್ಧರಲ್ಲ. ಗುಲಾಮರನ್ನು ಬಿಟ್ಟ ಮೇಲೂ ತಮ್ಮ ಸಭಾಗೃಹಗಳಲ್ಲಿ ಕಪ್ಪು ಜನರಿಗೆ ಬೇರೆ ಬೆಂಚು ಹಾಕಿದ್ದರು. ಪಂಕ್ತಿಭೇದಕ್ಕೆ ಯಾವ ದೇಶವೂ ಹೊರತಲ್ಲ.

ಗುಲಾಮರು ಸುಮ್ಮನೆ ಕೈಕಟ್ಟಿ ಕುಳಿತು ಬಿಳಿಯರ ದಯೆಗಾಗಿ ಕಾದಿದ್ದರೆಂದೂ ಭಾವಿಸಬಾರದು. ಹೈಟಿಯವರು 1791ರಲ್ಲಿ ಎದ್ದು 1804ರಲ್ಲಿ ಸ್ವತಂತ್ರರಾದರು. ಜಮೈಕದಲ್ಲಿ ಸ್ಯಾಮ್ ಶಾರ್ಪ್ ಎಂಬ ಗುಲಾಮನು ಬ್ಯಾಪ್ಟಿಸ್ಟ್ ಸಭೆಯಲ್ಲಿ ಉಪದೇಶಕನಾಗಿದ್ದನು. ಒಬ್ಬ ಮನುಷ್ಯನು ಇಬ್ಬರು ಯಜಮಾನರ ಸೇವೆ ಮಾಡಲಾರನೆಂಬ ಉಪದೇಶವನ್ನು ಓದಿ, ದೇವರೇ ಯಜಮಾನನಾದರೆ ತೋಟದವನು ಯಾರು ಎಂದು ತನ್ನವರನ್ನು ಕೇಳಿದನು. 1831ರ ಕ್ರಿಸ್ತಜಯಂತಿಯ ನಂತರ ಕೆಲಸ ನಿಲ್ಲಿಸುವ ಸಂಕಲ್ಪವು ದಂಗೆಯಾಗಿ ಹೊತ್ತಿತು. 1832ರ ಮೇ ತಿಂಗಳಲ್ಲಿ ಅವನನ್ನು ಗಲ್ಲಿಗೇರಿಸಿದರು. ಲಂಡನ್ನಿನಲ್ಲಿ ಮುಂದಿನ ವರ್ಷ ಕಾನೂನು ಬಂದುದಕ್ಕೆ ಈ ಬೆಂಕಿಯೂ ಕಾರಣ. ಯಜಮಾನನು ಶಾಪವನ್ನು ಓದಿದ ಗ್ರಂಥದಲ್ಲಿಯೇ ಇವನು ಬಿಡುಗಡೆಯನ್ನು ಓದಿದನು.

ನಮ್ಮ ದೇಶಕ್ಕೂ ಇದರ ನೆರಳು ಬಿದ್ದಿದೆ. ಗುಲಾಮರು ಹೋದ ತೋಟಗಳಿಗೆ 1834ರಿಂದ ಕರಾರಿನ ಕೂಲಿಗಳಾಗಿ ಹಡಗು ಹತ್ತಿದವರು ಭಾರತದ ಬಡವರು. ನಮ್ಮಲ್ಲಿದ್ದ ಗುಲಾಮಗಿರಿಗೆ ಕಾನೂನಿನ ಬೆಂಬಲ ತಪ್ಪಿದುದು 1843ರಲ್ಲಿ. ಆದರೆ ಜೀತ ಉಳಿಯಿತು. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನವರು ರಾಜ್ಯಕ್ಕೆ ಉಪದೇಶ ಮಾಡುವುದಕ್ಕೆ ಮೊದಲು ತಮ್ಮ ಮಹಾಮನೆಯ ಊಟದ ಸಾಲನ್ನು ಬದಲಿಸಿದರು. ಮಧುವರಸನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟ ಆ ಮದುವೆ ನಡೆದುದು ಶರಣರ ಮನೆಯಲ್ಲಿ. ಅರಮನೆ ನಡುಗಿದುದು ಆಮೇಲೆ. ಇದು ತಮಗೆ ಗೊತ್ತಿರುವ ಕಥೆ, ವಿಸ್ತರಿಸುವುದಿಲ್ಲ.

ತಮಗೆ ಗೊತ್ತಿಲ್ಲದ ಇನ್ನೊಂದನ್ನು ಹೇಳಬೇಕಾಗಿದೆ. 1975ರ ಅಕ್ಟೋಬರ್ ತಿಂಗಳಲ್ಲಿ ಜೀತಪದ್ಧತಿಯನ್ನು ರದ್ದು ಮಾಡುವ ಸುಗ್ರೀವಾಜ್ಞೆ ಬಂದಿತು. 1976ರಲ್ಲಿ ಅದೇ ಕಾಯಿದೆಯಾಯಿತು. ನಾವು ಆಗ ಪಾಠಶಾಲೆಯಲ್ಲಿ ಓದುವ ವಟು. ವಿಚಾರಣೆಗೆಂದು ಅಧಿಕಾರಿಗಳು ಮಠಕ್ಕೆ ಬಂದಾಗ ಅಂದಿನ ಪಾರುಪತ್ತೆಗಾರರು, 'ಮಠದಲ್ಲಿ ಜೀತವೆಂಬುದಿಲ್ಲ ಸ್ವಾಮಿ, ಇಲ್ಲಿರುವುದು ಸೇವೆ' ಎಂದರು. ನಾವು ಬಾಗಿಲ ಬಳಿ ನಿಂತು ಕೇಳಿದ್ದೇವೆ. ಅಧಿಕಾರಿಗಳು ಕೈಮುಗಿದು ಹೋದರು. ಕೆಲವು ತಿಂಗಳಾದ ಮೇಲೆ ಹಿರಿಯ ಗುರುಗಳು ಕಿರ್ದಿ ಪುಸ್ತಕವನ್ನು ತರಿಸಿದರು. ಮದುವೆಗೆಂದು, ಕಾಯಿಲೆಗೆಂದು ಪಡೆದ ಸಣ್ಣ ಸಣ್ಣ ಸಾಲಕ್ಕಾಗಿ ವರ್ಷಗಟ್ಟಲೆ ಮಠದ ಹೊಲದಲ್ಲಿ ದುಡಿಯುತ್ತಿದ್ದ ಐದು ಜನರ ಹೆಸರುಗಳು ಅದರಲ್ಲಿದ್ದವು. ಗುರುಗಳು ತಮ್ಮ ಕೈಯಿಂದಲೇ ಸಾಲದ ಮೇಲೆ ಗೀಟು ಎಳೆದರು. ಆ ಐವರೂ ಬಿಡುಗಡೆಯಾದರು. ಆದರೆ ದುಡಿದ ವರ್ಷಗಳ ಕೂಲಿಯನ್ನು ಮಠ ಕೊಡಲಿಲ್ಲ. ಗುರುಗಳಿಗೆ ಅದು ಹೊಳೆಯಲಿಲ್ಲವೋ, ಹೊಳೆದರೂ ಆಗಲಿಲ್ಲವೋ. ನಮಗಂತೂ ಪೀಠಕ್ಕೆ ಬಂದ ಮೇಲೆ ಹೊಳೆದಿತ್ತು. ಮುಂದಿನ ಸಭೆಗೆ, ಮುಂದಿನ ಸಭೆಗೆ ಎಂದು ತಳ್ಳುತ್ತ ಬಂದವರು ನಾವೇ.

ಆ ಕಿರ್ದಿ ಪುಸ್ತಕ ಮಠದ ಪೆಟ್ಟಿಗೆಯಲ್ಲಿ ಇದೆ. ಐದು ಮನೆಗಳ ಮೊಮ್ಮಕ್ಕಳು ಇದೇ ಊರಿನಲ್ಲಿದ್ದಾರೆ. ಬರುವ ಸೋಮವಾರ ಟ್ರಸ್ಟಿನ ಸಭೆಯಲ್ಲಿ ಪುಸ್ತಕವನ್ನು ತೆರೆದು, ವರ್ಷಕ್ಕೆ ಇಷ್ಟೆಂದು ಕೂಲಿಯನ್ನು ಲೆಕ್ಕ ಹಾಕುತ್ತೇವೆ. ಆ ಮನೆಗಳವರನ್ನೂ ಕರೆದಿದ್ದೇವೆ. ಸರಕಾರಕ್ಕೆ ತಿಳಿಹೇಳಬೇಕೆಂದ ಹಿರಿಯರು ಬರಬೇಕು. ವಕೀಲರು ಲೆಕ್ಕಪತ್ರ ನೋಡಬಲ್ಲವರು, ಅವರೂ ಬರಬೇಕು. ಸಭೆ ಬೆಳಿಗ್ಗೆ ಹತ್ತು ಗಂಟೆಗೆ, ದಾಸೋಹದ ಮನೆಯ ಪಡಸಾಲೆಯಲ್ಲಿ.